ಅತ್ತೆಯ ಬರಹಕ್ಕೊಂದು ಗೀಟು

"ಆಂಟಿ, ಇದ್ರಲ್ಲಿ ಮೂರು ತಪ್ಪಿದೆಯಲ್ಲಾ!"

ಮಹಡಿ ಮನೆಯ ಬಾಡಿಗೆಯ ಹುಡುಗ ದೀಪಕ್ ಹೆಲ್ಮೆಟ್ ಹಿಡಿದು ಮೆಟ್ಟಿಲಿಳಿದವನು ಅಂಗಳದ ಸಿಮೆಂಟ್ ನೆಲ ನೋಡುತ್ತ ನಿಂತುಬಿಟ್ಟಿದ್ದ. ಸೌಮ್ಯ ಬಾಗಿಲಲ್ಲಿದ್ದಳು. ಅವಳ ಅತ್ತೆ ಅಕ್ಕಯಮ್ಮ ಸೀಮೆಸುಣ್ಣ ಹಿಡಿದು ರಂಗೋಲಿಯ ಪಕ್ಕದಲ್ಲಿ ನಿಂತಿದ್ದರು. ನೆಲದ ಮೇಲೆ ಅವರು ಬರೆದ ಇಂಗ್ಲಿಷ್ ವಾಕ್ಯಗಳಿದ್ದವು. ಪ್ರತಿಯೊಂದರ ಮುಂದೆಯೂ ಸೌಮ್ಯಳೇ ಹಾಕಿದ ರೈಟ್ ಗುರುತು.

"ವಾಸ್ ಡ್ರಿಂಕ್ ಅಲ್ಲ, ವಾಸ್ ಡ್ರಂಕ್. ಇನ್ನೆರಡೂ ಹಿಂಗೇ. ಮಿಕ್ಕಿದ್ದು ಸಖತ್ತಾಗಿದೆ ಆಂಟಿ" ಎಂದು ಅವನು ಗಾಡಿ ಸ್ಟಾರ್ಟ್ ಮಾಡಿಕೊಂಡು ಹೋದ. ತಾನು ಹೊತ್ತಿಸಿ ಹೋದ ಕಿಚ್ಚು ಅವನಿಗೇನು ಗೊತ್ತು, ಪಾಪ.

ಹುಳಿಮಾವಿನ ಆ ಮನೆಯಲ್ಲಿ ಅಕ್ಕಯಮ್ಮನವರ ಮಾತಿಗೆ ಎದುರಿರಲಿಲ್ಲ. ರಾಗಿ ಹೊಲ ಹೋಗಿ ಬಾಡಿಗೆ ಮನೆಗಳೆದ್ದ ಮೇಲೂ ಯಜಮಾನಿಕೆ ಅವರದೇ. ಆದರೆ ಗಂಡ ರಾಮಯ್ಯ ಮದುವೆಯಾದಾಗಿನಿಂದ ಮಾತಿಗೊಮ್ಮೆ "ಎಸ್ಸೆಸ್ಸೆಲ್ಸಿ ಫೇಲು" ಎಂದು ಚುಚ್ಚುತ್ತ ಬಂದದ್ದು ಮಾತ್ರ ಮುಳ್ಳಿನ ಹಾಗೆ ಉಳಿದುಕೊಂಡಿತ್ತು. ಮೊಮ್ಮಕ್ಕಳ ಕಾಲಕ್ಕೆ ಪರೀಕ್ಷೆ ಕಟ್ಟಿದರು. ಎಲ್ಲ ಪಾಸಾಗಿ ಇಂಗ್ಲಿಷ್ ಒಂದು ಕೈಕೊಟ್ಟಿತು. ಬರುವ ವಾರ ಅದನ್ನು ಮತ್ತೆ ಬರೆಯಬೇಕಿತ್ತು.

ಎಂಥ ಹೆಂಗಸು! ಒಲೆಯ ಮುಂದೆ ನಿಂತು "ಹಾಲು ಕಾಯ್ತದೆ, ಕಾಯ್ತಾ ಅದೆ, ಕಾದದೆ" ಎಂದು ಮೂರನ್ನೂ ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ಪಾಠ ಹೇಳುತ್ತಿದ್ದ ಸೌಮ್ಯ ಪ್ಯಾಸಿವ್ ವಾಯ್ಸ್, ಅಂದರೆ ಕರ್ಮಣಿ ಪ್ರಯೋಗ, ಹೇಳಿಕೊಟ್ಟ ದಿನ "ಅಂಗಂದ್ರೆ ಮಾಡ್ದೋರು ಕೊನೇಗೆ ಹೋಗ್ತಾರೆ. ಮದ್ವೇಲಿ ಅಡಿಗೆಯೋರು ಕೊನೇ ಪಂಕ್ತೀಲಿ ಕೂರಲ್ವಾ, ಅಂಗೆ" ಎಂದಿದ್ದರು. ಬಿ.ಎ. ಮಾಡಿದ ಸೌಮ್ಯಳಿಗೆ ಯಾವ ಮೇಷ್ಟ್ರೂ ಅಷ್ಟು ಸಲೀಸಾಗಿ ಹೇಳಿರಲಿಲ್ಲ. ಅವಳಿಗೆ ಅತ್ತೆಯ ಮೇಲೆ ಹೆಮ್ಮೆ ಉಕ್ಕಿ ಬಂದಿತ್ತು.

ಆದರೆ ಕ್ರಿಯಾಪದದ ರೂಪ ತಪ್ಪಿದಾಗ ತಪ್ಪೆನ್ನಲು ಅವಳಿಗೆ ನಾಲಿಗೆ ಏಳುತ್ತಿರಲಿಲ್ಲ. ಅತ್ತೆಯೆದುರು ಒಂದು ದಿನವೂ ಕುರ್ಚಿಯಲ್ಲಿ ಕೂತವಳಲ್ಲ. ಅವರ ಬರಹದ ಮೇಲೆ ಗೀಟೆಳೆಯುವುದು ಹೇಗೆ? ಕೇಳಿದಾಗಲೆಲ್ಲ "ಸರಿ ಇದೆ ಅತ್ತೆ" ಎಂದುಬಿಡುತ್ತಿದ್ದಳು.

"ಹೋದ್ ಸಲಾನೂ ಇಂಗೇ ರೈಟ್ ಹಾಕಿದ್ಯಾ?" ಅಕ್ಕಯಮ್ಮ ನೆಲದಿಂದ ಕಣ್ಣೆತ್ತದೆ ಕೇಳಿದರು.

"ಹೂಂ ಅತ್ತೆ. ನಿಮ್ಮ ಮುಂದೆ ತಪ್ಪು ಅಂತ ಹೇಗನ್ಲಿ..." ಸೌಮ್ಯ ಅಂಗಳಕ್ಕಿಳಿದಳು. ಅತ್ತೆ ಫೇಲಾದದ್ದರಲ್ಲಿ ತನ್ನ ಪಾಲೆಷ್ಟು ಎಂಬುದು ಅವಳಿಗೆ ಫಲಿತಾಂಶ ಬಂದ ದಿನವೇ ಗೊತ್ತಿತ್ತು.

ಅಕ್ಕಯಮ್ಮ ಒಳಗೆ ಹೋದರು. ಪಾಠ ಇಲ್ಲಿಗೆ ಮುಗಿಯಿತೆಂದುಕೊಂಡಳು ಸೌಮ್ಯ. ಅವರು ಹೊರಬಂದಾಗ ಕೈಯಲ್ಲಿ ರಾಮಯ್ಯನ ಬೆತ್ತದ ಕುರ್ಚಿಯಿತ್ತು.

"ಕೂತ್ಕೋ."

"ಅಯ್ಯೋ, ಬೇಡ ಅತ್ತೆ..."

"ಕೂತ್ಕೋ ಅಂದೆ. ನಿನ್ನ ಮರ್ವಾದೆ ಇಟ್ಕೊಂಡು ಏನ್ ಮಾಡ್ಲಿ? ಇನ್ನೊಂದ್ ಸಲ ಫೇಲಾಗ್ಲಾ?"

ಸೌಮ್ಯ ಕುರ್ಚಿಯ ಅಂಚಿನಲ್ಲಿ ಕೂತಳು. ಅಕ್ಕಯಮ್ಮ ಮಂಡಿ ಹಿಡಿದುಕೊಂಡು ನೆಲದ ಮೇಲೆ ಕೂತು ಸೀಮೆಸುಣ್ಣ ಅವಳ ಕೈಗಿಟ್ಟರು. ಸೌಮ್ಯ ಬಗ್ಗಿ ಮೊದಲ ತಪ್ಪಿನ ಮೇಲೆ ಗೀಟೆಳೆದಳು. ಗೀಟು ಸೊಟ್ಟಗಾಯಿತು. ಮಿಕ್ಕ ಎರಡು ನೆಟ್ಟಗೆ ಬಂದವು. ಅಕ್ಕಯಮ್ಮ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ, ಸೀಮೆಸುಣ್ಣ ಈಸಿಕೊಂಡು ಹೊಸದಾಗಿ ಬರೆಯತೊಡಗಿದರು. ಅವರ ನರೆತ ತಲೆ ತನ್ನ ಕಾಲಿನ ಹತ್ತಿರಕ್ಕೆ ಬಂದದ್ದು ಕಂಡು ಸೌಮ್ಯ ಎರಡೂ ಪಾದಗಳನ್ನು ಸರ್ರನೆ ಮೇಲಕ್ಕೆಳೆದುಕೊಂಡಳು.

"ಕಾಲು ಕೆಳಗ್ ಬುಡವ್ವಾ, ಬಿದ್ದೀಯ. ಇದು ನೋಡು, ರೈಟಾ ತಪ್ಪಾ?"

ಸೌಮ್ಯ ಪಾದಗಳನ್ನು ನೆಲಕ್ಕೆ ಊರಿದಳು. ಎರಡು ಸಲ ಓದಿದಳು.

"ತಪ್ಪು ಅತ್ತೆ."

ಅಕ್ಕಯಮ್ಮ ಒದ್ದೆ ಬಟ್ಟೆಗೆ ಕೈ ಚಾಚಿದರು.