ಹೊಲಿಗೆ ಅಂಗಡಿಯ ಸದ್ದು

ಅಮ್ಮನ ಶವಕ್ಕೆ ತಂದ ಹೂಮಾಲೆಗೆ ಕಟ್ಟಿದ್ದ ರಿಬ್ಬನ್ ಕಿತ್ತು ಮಗಳು ಹೋರಾಟಗಾರರ ಸಂಘದ ಕಾರ್ಯದರ್ಶಿಯ ಕೈಗೆ ತುರುಕಿದಳು. ‘ಯೋಧರಿಗೆ ಉಣಬಡಿಸಿದ ತಾಯಿ’ ಎಂದು ಅದರ ಮೇಲೆ ಅಚ್ಚಾಗಿತ್ತು.

“ಅಮ್ಮ ಯಾರಿಗ್ರೀ ಉಣಬಡಿಸಿದ್ದು? ಅವಳ ಅಡುಗೆ ನಾವೇ ಕಣ್ಮುಚ್ಚಿ ನುಂಗ್ತಿದ್ವಿ.”

“ಅವಳ ಕೈಯೂಟ ಹಾಕಿದ್ದಿದ್ರೆ ಶತ್ರುಗಳು ಅವತ್ತೇ ಗಂಟುಮೂಟೆ ಕಟ್ತಿದ್ರು,” ಎಂದಳು ಶವದ ಪಕ್ಕ ಕೂತಿದ್ದ ಮುದುಕಿ. ಯುದ್ಧಕಾಲದ ಹೊಲಿಗೆ ಅಂಗಡಿಯಲ್ಲಿ ಸತ್ತವಳ ಜೊತೆ ಬಟ್ಟೆ ಕತ್ತರಿಸುತ್ತಿದ್ದವಳು, ಎಲ್ಲರಿಗೂ ಕತ್ತರಿಯಕ್ಕ. ಯಾರೋ ನಕ್ಕು, ಕೆಮ್ಮಿ ಮುಚ್ಚಿಕೊಂಡರು.

ಕಾರ್ಯದರ್ಶಿ ದನಿ ತಗ್ಗಿಸಿದ. “ನೋಡಮ್ಮಾ, ಗುಂಡು ಹಾರಿಸಿ ಗೌರವ ಕೊಡೋದು ಆಯುಧ ಹಿಡಿದವರಿಗೆ ಮಾತ್ರ. ಹೆಂಗಸರು ಸಹಾಯಕರು. ಸಂಘದ ನಿಯಮ.”

“ಅಂಗಡೀಲಿ ಆ ಶತ್ರು ಅಧಿಕಾರಿಗೆ ಗುಂಡು ಹೊಡೆದಿದ್ದು ಅಮ್ಮ.”

“ಇಡೀ ಬೀದೀಲಿ ವಿಚಾರಿಸಿದ್ವಿ. ಗುಂಡಿನ ಸದ್ದು ಕೇಳಿದೋರು ಒಬ್ಬರೂ ಇಲ್ಲ.”

“ಕೇಳಿಸಬಾರದು ಅಂತಾನೇ ಅಲ್ವೇನೋ ನಾವು ಮೆಷಿನ್ ತುಳಿದಿದ್ದು!” ಕತ್ತರಿಯಕ್ಕ ರೇಗಿದಳು.

*

ಊರು ಶತ್ರುಸೈನ್ಯದ ವಶದಲ್ಲಿದ್ದ ಎರಡನೇ ಚಳಿಗಾಲ. ಅವರ ಅಧಿಕಾರಿ ಹೊಸ ಕೋಟು ಹಾಕಿ ನೋಡಲು ಅಂಗಡಿಗೆ ಬಂದಿದ್ದ. ಕಾವಲಿನವರು ಬೀದಿಯಲ್ಲಿದ್ದರು. ಈಗ ಸತ್ತು ಮಲಗಿರುವವಳು ಅಂದು ಅವನ ಬೆನ್ನ ಹಿಂದೆ ನಿಂತು ಭುಜದ ಹೊಲಿಗೆ ಸರಿಪಡಿಸುತ್ತಿದ್ದಳು. ಬಾಯಲ್ಲಿ ಗುಂಡುಸೂಜಿಗಳು, ಕಾಲ ಬಳಿ ಬಟ್ಟೆಚೂರಿನ ಬುಟ್ಟಿ, ಬುಟ್ಟಿಯ ತಳದಲ್ಲಿ ಪಿಸ್ತೂಲು.

ಕತ್ತರಿಯಕ್ಕ ಕತ್ತರಿಯನ್ನು ನೆಲಕ್ಕೆ ಬೀಳಿಸಿದಳು. ಅದೇ ಸನ್ನೆ. ಅಂಗಡಿಯ ಹುಡುಗಿಯರೆಲ್ಲ ಒಟ್ಟಿಗೆ ಹೊಲಿಗೆ ಮೆಷಿನ್ ತುಳಿದರು. ಕಿಟಕಿಯ ಗಾಜು ಅದುರಿತು. ಅವಳು ಪಿಸ್ತೂಲಿಗೆ ದಪ್ಪ ಬಟ್ಟೆ ಸುತ್ತಿ ಒಂದೇ ಗುಂಡು ಹಾರಿಸಿದಳು.

ಒಬ್ಬೊಬ್ಬರಾಗಿ ಹಿಂಬಾಗಿಲಿನಿಂದ ಜಾರಿಕೊಂಡರು. ಎಲ್ಲರೂ ಹೊರಬೀಳುವವರೆಗೆ ಒಂದು ಮೆಷಿನ್ ಮಾತ್ರ ಓಡುತ್ತಲೇ ಇತ್ತು. ಅದನ್ನು ತುಳಿಯುತ್ತಿದ್ದವಳು ಗುಂಡು ಹಾರಿಸಿದವಳೇ.

*

ಶವಪೆಟ್ಟಿಗೆಯನ್ನು ಬಾಗಿಲ ಹೊರಗೆ ಇಳಿಸಿದರು. ಕಾರ್ಯದರ್ಶಿ ಗಂಟಲು ಸರಿಪಡಿಸಿಕೊಂಡ. ರಿಬ್ಬನ್ ಮತ್ತೆ ಹೂಮಾಲೆಯ ಮೇಲಿತ್ತು.

“ಆಯುಧ ಹಿಡಿದ ನಮ್ಮ ಗಂಡುಮಕ್ಕಳ ಹಸಿವು ನೀಗಿಸಿದ ಈ ಮಹಾತಾಯಿ...”

ಮನೆಯೊಳಗೆ ಹೊಲಿಗೆ ಮೆಷಿನ್ ಓಡತೊಡಗಿತು. ಅವನು ದನಿ ಏರಿಸಿದ. ಮೆಷಿನ್ ಇನ್ನೂ ಜೋರಾಯಿತು.

“ಯಾರ್ರೀ ಅದು, ಸಾವಿನ ಮನೇಲಿ? ನಿಲ್ಲಿಸ್ರೀ! ಒಂದು ಮಾತೂ ಕೇಳಿಸ್ತಿಲ್ಲ!”

ಮಗಳು ಒಳಗೆ ಹೋದಳು. ಅಮ್ಮನ ಮೆಷಿನ್ ಮುಂದೆ ಕತ್ತರಿಯಕ್ಕ ಕೂತಿದ್ದಳು. ಚಪ್ಪಲಿ ಬಿಚ್ಚಿಟ್ಟು, ಊದಿದ ಪಾದಗಳಿಂದ ತುಳಿಯುತ್ತಿದ್ದಳು. ಸೂಜಿಯಲ್ಲಿ ದಾರವಿರಲಿಲ್ಲ.

ಮಗಳು ಬೀದಿ ಕಡೆಯ ಕಿಟಕಿಯ ಎರಡೂ ಬಾಗಿಲು ತೆರೆದಳು.