ಡೆಲ್ಬರ್ಟ್ ಹ್ಯಾಚರ್ ಮತ್ತೆ ಕಾರು ಓಡಿಸಿದ್ದು

ಕಣ್ಣು ಪೂರ್ತಿ ಹೋಗಿ ಒಂಬತ್ತು ವರ್ಷವಾದ ಮೇಲೆ, ತನ್ನ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಡೆಲ್ಬರ್ಟ್ ಹ್ಯಾಚರ್ ಮತ್ತೆ ಸ್ಟೀರಿಂಗ್ ಹಿಡಿದ.

ಕಾರು ಸಾವಿರದ ಒಂಬೈನೂರ ಅರವತ್ತೇಳರ ಪಾಂಟಿಯಾಕ್ ಜಿಟಿಒ. ಶಾಲಾ ಬಸ್ಸುಗಳ ಮೆಕ್ಯಾನಿಕ್ ಆಗಿದ್ದ ಮಗಳು ರಮೋನಾ ಅದನ್ನು ಯಾರದೋ ಕೊಟ್ಟಿಗೆಯಿಂದ ಎಳೆದು ತಂದು, ನಾಲ್ಕು ವರ್ಷ ಪಟ್ಟು ಹಿಡಿದು ಜೀವ ತುಂಬಿದ್ದಳು. ಡೆಲ್ಬರ್ಟ್ ಹರೆಯದಲ್ಲಿ ಮಿಶಿಗನ್ನಿನ ಕಾರ್ಖಾನೆಯಲ್ಲಿ ಇಂಥವಕ್ಕೇ ಗೇರುಪೆಟ್ಟಿಗೆ ಕೂರಿಸುತ್ತಿದ್ದವನು. ದೊಡ್ಡ ಕಾರಿನ ಎಂಜಿನ್ನನ್ನು ಚಿಕ್ಕ ಕಾರಿಗೆ ಇಳಿಸುವ ಹುಚ್ಚು ಕೆಲವು ಎಂಜಿನಿಯರುಗಳ ತಲೆ ಹೊಕ್ಕಿದ್ದೇ ತಡ, ಕೂಲಿ ದುಡಿಯುವ ಹುಡುಗರ ಕೈಗೂ ವೇಗ ಎಟುಕಿತ್ತು. ಪಾಳಿ ಮುಗಿಸಿ ವುಡ್‌ವರ್ಡ್ ರಸ್ತೆಯಲ್ಲಿ ನಿಂತರೆ, ದೀಪ ಹಸಿರಾದ ಕೂಡಲೇ ತಾವೇ ಕಟ್ಟಿದ ಕಾರುಗಳು ಬಾಣದಂತೆ ಚಿಮ್ಮುವುದನ್ನು ಕಂಡು ಅವನ ಎದೆಯುಬ್ಬುತ್ತಿತ್ತು. ಅವನೂ ಒಂದನ್ನು ಕೊಂಡಿದ್ದ. ರಮೋನಾ ಹುಟ್ಟಿದಾಗ ಮಾರಿಬಿಟ್ಟಿದ್ದ.

ಹಿಂದೆ ವಿಮಾನಗಳು ಇಳಿಯುತ್ತಿದ್ದ, ಈಗ ಪಾಳುಬಿದ್ದ ಓಡುದಾರಿಯೊಂದಕ್ಕೆ ರಮೋನಾ ಅವನನ್ನು ಕರೆತಂದಿದ್ದಳು. ಒಂದೂಕಾಲು ಮೈಲಿ ನೇರ ಕಾಂಕ್ರೀಟು, ಎರಡೂ ಬದಿ ಸೋಯಾ ಹೊಲ.

"ನೀನು ಬಾಯಲ್ಲಿ ಹೇಳ್ತಾ ಹೋಗು. ಸ್ಟೀರಿಂಗಿಗೆ ಕೈ ಹಾಕಿದ್ಯೋ, ಇಲ್ಲೇ ಇಳಿಸಿ ಹೋಗ್ತೀನಿ," ಎಂದ ಡೆಲ್ಬರ್ಟ್.

ಕೀಲಿ ತಿರುಗಿಸಿದ. ಎಂಜಿನ್ ಗುಡುಗಿತು. ಅವನು ಗೇರು ಹಾಕದೆ ತಲೆ ವಾಲಿಸಿ ಕೇಳಿ, ಎಡಗಡೆಯ ಮೂರನೇ ವಾಲ್ವು ಸಡಿಲವಿದೆ ಎಂದ. ತಿಂಗಳಿಂದ ಆ ಟಿಕ್‌ಟಿಕ್ ಎಲ್ಲಿಯದೆಂದು ಹುಡುಕುತ್ತಿದ್ದ ರಮೋನಾ ಮುಖ ಸಿಂಡರಿಸಿದಳು.

ಆಮೇಲೆ ಕ್ಲಚ್ಚು ಬಿಟ್ಟ. ಟೈರು ಕಿರುಚಿ ಇಬ್ಬರ ಬೆನ್ನೂ ಸೀಟಿಗೆ ಅಂಟಿಕೊಂಡಿತು. ಎರಡನೇ ಗೇರು, ಮೂರನೇ ಗೇರು. ಕೈ ಒಮ್ಮೆಯೂ ತಡಕಾಡಲಿಲ್ಲ. ಕಿಟಕಿಯಿಂದ ಬಿಸಿಗಾಳಿ ನುಗ್ಗಿ ಅವನ ಟೋಪಿಯನ್ನು ಹಿಂದಕ್ಕೆ ಎಸೆಯಿತು. ಚೂರು ಎಡಕ್ಕೆ, ಹಾಂ, ನೇರ, ನೇರ ಎನ್ನುತ್ತ ರಮೋನಾ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದಳು. ನಾಲ್ಕನೇ ಗೇರಿಗೆ ಬಿದ್ದಾಗ ಕಾರು ಹಾಡತೊಡಗಿತು. ದಾರಿ ಮುಗಿಯುವ ಗುರುತಿಗೆ ಇಟ್ಟ ಹಳದಿ ಪೀಪಾಯಿ ದೊಡ್ಡದಾಗುತ್ತ ಬಂತು.

"ಸಾಕಪ್ಪಾ, ಬ್ರೇಕ್ ಹಿಡಿ."

ಕಾರು ಹುಲ್ಲಿಗೆ ನಲವತ್ತು ಹೆಜ್ಜೆ ಇರುವಾಗ ನಿಂತಿತು. ರಮೋನಾ ತೊಡೆಯ ಕೆಳಗಿನಿಂದ ಕೈ ಹೊರಗೆಳೆದುಕೊಂಡಳು. ಡೆಲ್ಬರ್ಟ್ ನಗುತ್ತಿದ್ದ. ಕೆನ್ನೆ ಒದ್ದೆಯಾಗಿದ್ದುದು ಅವನಿಗೆ ಗೊತ್ತಿದ್ದಂತಿರಲಿಲ್ಲ.

"ಸ್ಪೀಡ್ ಎಷ್ಟಿತ್ತು?"

"ತೊಂಬತ್ನಾಲ್ಕು ಮೈಲಿ."

"ಥೂ, ನಾನಿನ್ನೂ ಪೂರ್ತಿ ತುಳಿದೇ ಇರ್ಲಿಲ್ಲ."

ಇನ್ನು ತಾನು ಓಡಿಸುತ್ತೇನೆಂದು ಅವಳು ಅಂದಳು. ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ. ಆಗಲೇ ಮೊದಲನೇ ಗೇರು ಹಾಕಿ ಕಾಯುತ್ತಿದ್ದ. ರಮೋನಾ ಬೆಲ್ಟು ಬಿಗಿದುಕೊಂಡು, ಬಲಕ್ಕೆ ಪೂರ್ತಿ ತಿರುಗಿಸು ಎಂದಳು.