ಪಟ್ಟಿ ಕಿತ್ತವನು

ಯಂಕಣ್ಣನ ತಲೆ ಒಡೆದದ್ದು ಸಲಿಕೆಯ ಏಟಿಗೆ. ಕಾಲುವೆಗೆ ನೀರು ಬಿಟ್ಟ ನಾಲ್ಕನೆಯ ದಿನ, ನಮ್ಮೂರ ತೂಬಿನ ಹತ್ತಿರ, ಹಾಡಹಗಲೇ. ಮೇಲಿನ ಹೊಲದವರು ನಮ್ಮ ಪಾಳಿ ಮುಗಿದಿಲ್ಲ ಎಂದರು, ಕೆಳಗಿನವರು ಮುಗಿಯಿತು ಎಂದರು. ಮಾತಿಗೆ ಮಾತು ಬೆಳೆದು ಕಲ್ಲು, ಬಡಿಗೆ, ಸಲಿಕೆ ಎದ್ದವು. ಕೆಳಗಿನ ಹೊಲದ ಯಂಕಣ್ಣ ಕಾಲುವೆಯ ಸಿಮೆಂಟಿನ ಮೇಲೆ ಬಿದ್ದವನು ಮತ್ತೆ ಏಳಲಿಲ್ಲ.

ಪೊಲೀಸರು ಬಂದಾಗ ಎರಡೂ ಕಡೆಯವರ ಬಾಯಲ್ಲಿ ಒಂದೇ ಹೆಸರು: ವಹಾಬ. ಹೊಲಗಳಿಗೆ ನೀರು ಬಿಡುವ ಕೆಲಸ ಅವನದು, ತೂಬಿನ ಕೀಲಿ ಅವನ ಕೈಯಲ್ಲಿತ್ತು. ಹಾಗಾಗಿ ನೀರಿನ ಸಿಟ್ಟೆಲ್ಲ ಅವನ ಮೇಲೆಯೇ ಇತ್ತು. ಅವನಿಗೆ ಹೊಲವಿಲ್ಲ, ಹಿಂದೆ ನಾಲ್ಕು ಜನವೂ ಇಲ್ಲ. ಪೊಲೀಸರಿಗೆ ಒಪ್ಪಿಸುವ ಮುಂಚೆ ಊರವರೇ ಅವನ ಎರಡು ಹಲ್ಲು ಉದುರಿಸಿದ್ದರು. ನಮ್ಮದು ಮೇಲಿನ ಹೊಲ, ನಮ್ಮಣ್ಣ ಅಂಬ್ರಪ್ಪನೂ ಅಂದು ತೂಬಿನ ಹತ್ತಿರ ಇದ್ದ. "ನಾ ಕಣ್ಣಾರೆ ನೋಡೀನಿ, ವಹಾಬನೇ ಹೊಡದಾನ" ಎಂದ. ವಹಾಬ ನನ್ನ ಜೊತೆ ಏಳನೆಯ ಇಯತ್ತೆಯವರೆಗೆ ಓದಿದವನು. ಆದರೂ ಅಣ್ಣನ ಮಾತನ್ನು ನಂಬಿದೆ.

ಹದಿನೈದು ದಿನದ ಮೇಲೆ ವಹಾಬನ ತಾಯಿ ಖಾಸಿಂಬೀ, ಹಿಂದಿನ ದಿನವೇ ಹೇಳಿ ಕಳಿಸಿದ್ದಂತೆ, ಜಗಳದ ಸಿ.ಡಿ. ಹಿಡಿದು ಶಹಾಪುರದ ನನ್ನ ಅಂಗಡಿಗೆ ಬಂದಳು. ಭೀಮರಾಯನಗುಡಿ ಕ್ಯಾಂಪಿನ ಆಫೀಸುಗಳಲ್ಲಿ ಕಂಪ್ಯೂಟರ್ ರಿಪೇರಿ ಕಲಿತು ಇಟ್ಟ ಅಂಗಡಿ ಇದು. ಆಗ ಇಡೀ ಪೇಟೆಯಲ್ಲಿ ಸಿ.ಡಿ. ನಕಲು ಮಾಡುವ ಯಂತ್ರ ನನ್ನಲ್ಲೇ ಇತ್ತು.

ಜಗಳದ ಹೊತ್ತಿಗೆ ಅಲ್ಲಿ ಒಂದು ಮದುವೆಯವರು ಗಂಗಿಪೂಜೆಗೆ ಬಂದಿದ್ದರಂತೆ. ಕಾಲುವೆ ಬಂದ ಮೇಲೆ ನಮ್ಮೂರ ಹೆಂಗಸರು ಮದುವೆಯ ನೀರು ತರಲು ಬಾವಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಆ ಪೂಜೆಯ ವಿಡಿಯೋ ಮಾಡುತ್ತಿದ್ದ ಮನ್ಸೂರಅಲಿಯ ಕ್ಯಾಮೆರಾದಲ್ಲಿ ಜಗಳವೂ ಸಿಕ್ಕಿತ್ತು. ಅವನು ಹೆದರಿ ಕ್ಯಾಸೆಟ್ಟಿನ ಮೇಲೆ ಬೇರೆ ಮದುವೆ ತುಂಬಿ, ಒಂದೇ ಒಂದು ಸಿ.ಡಿ. ಖಾಸಿಂಬೀಯ ಕೈಗಿಟ್ಟು ಹೈದರಾಬಾದಿಗೆ ಹೋಗಿಬಿಟ್ಟ.

"ನಕಲು ಮಾಡ್ಸದೇ ಯಾರ ಕೈಯಾಗೂ ಕೊಡಬ್ಯಾಡ ಅಂದಾರ ವಕೀಲ್ರು" ಎಂದಳು ಖಾಸಿಂಬೀ. "ನಾಳಿಗಿ ಕೋರ್ಟಿನಾಗ ತಾರೀಖು ಅದ ಬೇಟಾ."

ಸಿ.ಡಿ. ಹಾಕಿದೆ. ತಟ್ಟೆ ಒಳಗೆ ಹೋಯಿತು, ಹಸಿರು ದೀಪ ಹತ್ತಿತು. ಆದರೆ ಪರದೆಯ ಮೇಲೆ ಡ್ರೈವಿನ ಗುರುತೇ ಇಲ್ಲ. ಆರಿಸಿ ಮತ್ತೆ ಚಾಲೂ ಮಾಡಿದೆ. ಮೊದಲು ಬರುವ ಕಪ್ಪು ಪರದೆಯಲ್ಲಿ ಹಾರ್ಡ್ ಡಿಸ್ಕಿನ ಹೆಸರು ಬಂತು, ಸಿ.ಡಿ. ಡ್ರೈವಿನದು ಬರಲಿಲ್ಲ. ನಿನ್ನೆ ಸಂಜೆಯವರೆಗೂ ಸರಿಯಾಗಿತ್ತು.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ನಮ್ಮ ಕಡೆ ನಿಂತುಹೋದ ರೇಡಿಯೋಕ್ಕೂ, ಟೀವಿಗೂ, ಪಂಪ್‌ಸೆಟ್ಟಿನ ಸ್ಟಾರ್ಟರಿಗೂ ಒಂದೇ ಮದ್ದು. ಕಂಪ್ಯೂಟರಿನ ಡಬ್ಬಿಗೆ ಎರಡು ಏಟು ಬಿಟ್ಟೆ. ಮೂರನೆಯದಕ್ಕೆ ಕೈ ಎತ್ತಿದಾಗ ಖಾಸಿಂಬೀ ತಡೆದಳು.

"ಹೊಡಿಬ್ಯಾಡ ಬೇಟಾ. ನನ್ನ ಮಗನ್ನೂ ಹಿಂಗ ಹೊಡದ್ರು, ಒಪ್ಕೊ ಒಪ್ಕೊ ಅಂತ."

ಕೈ ಇಳಿಸಿ, ಸ್ಕ್ರೂ ಬಿಚ್ಚಿ ನೋಡಿದೆ. ಡ್ರೈವಿನಿಂದ ಬೋರ್ಡಿಗೆ ಹೋಗುವ ಅಗಲವಾದ ಪಟ್ಟಿವಯರೇ ಇರಲಿಲ್ಲ. ಸಡಿಲವಾಗಿದ್ದರೆ ಧೂಳು ಎನ್ನಬಹುದಿತ್ತು, ಕಡಿದಿದ್ದರೆ ಇಲಿ ಎನ್ನಬಹುದಿತ್ತು. ಯಾರೋ ಕಿತ್ತು ಒಯ್ದಿದ್ದರು.

ದಸರೆಗೆ ಡಬ್ಬಿ ಬಿಚ್ಚಿ ಒರೆಸುವಾಗ ಪಕ್ಕದಲ್ಲಿ ಕುಳಿತಿದ್ದ ಅಣ್ಣನಿಗೆ ದೊಡ್ಡಸ್ತಿಕೆಯಿಂದ ತೋರಿಸಿದ್ದೆ: "ಈ ಪಟ್ಟಿ ಕಿತ್ರ ಸಿ.ಡಿ. ಇದಕ್ಕ ಕಾಣೂದಿಲ್ಲಣ್ಣಾ, ಕುರುಡ ಆಗ್ತದ." ಹಾಲಿನ ಕ್ಯಾನು ಇಡಲೆಂದು ಅಂಗಡಿಯ ಇನ್ನೊಂದು ಕೀಲಿ ಅವನ ಹತ್ತಿರವೇ ಇರುತ್ತದೆ. ಖಾಸಿಂಬೀ ನಾಳೆ ಸಿ.ಡಿ. ತರುತ್ತಾಳೆಂದು ನಿನ್ನೆ ಊಟಕ್ಕೆ ಕೂತಾಗ ಹೇಳಿದವನು ನಾನೇ. ಅಣ್ಣ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದಿದ್ದ.

"ಆಗೂದಿಲ್ಲ ಖಾಲಾ, ಕೆಟ್ಟಾದ" ಎಂದರೆ ಮುಗಿಯುತ್ತಿತ್ತು. ಹಾಗೆನ್ನಲು ಬಾಯಿ ತೆರೆದದ್ದೂ ನಿಜ, ಸುಳ್ಳೇಕೆ ಹೇಳಲಿ. ನನ್ನನ್ನು ತಡೆದದ್ದು ನ್ಯಾಯವಲ್ಲ, ಸಿಟ್ಟು. ನಾನು ಹೇಳಿಕೊಟ್ಟ ವಿದ್ಯೆಯನ್ನು ನನ್ನ ಮೇಲೆಯೇ ತಿರುಗಿಸಿದ್ದನಲ್ಲ!

ಹಾರ್ಡ್ ಡಿಸ್ಕಿನ ಪಟ್ಟಿಗೆ ನಡುವೆ ಇನ್ನೊಂದು ಬಾಯಿ ಇರುತ್ತದೆ. ಅದು ಅಣ್ಣನಿಗೆ ಗೊತ್ತಿರಲಿಲ್ಲ. ಡ್ರೈವನ್ನು ಅದಕ್ಕೆ ಸಿಕ್ಕಿಸಿದೆ. ಒಂದೇ ಪಟ್ಟಿಯ ಮೇಲೆ ಎರಡೂ ಮಾಲೀಕರಾದರೆ ನಡೆಯುವುದಿಲ್ಲ. ಡ್ರೈವಿನ ಹಿಂದಿನ, ಜಂಪರ್ ಎಂಬ ಸಣ್ಣ ಟೊಪ್ಪಿಗೆಯನ್ನು ಕಿತ್ತು ಪಕ್ಕದ ಮುಳ್ಳಿಗೆ ಹಾಕಿ ಅದನ್ನು ಕಿರಿಯನನ್ನಾಗಿ ಮಾಡಿದೆ. ಈ ಸಲ ಕಪ್ಪು ಪರದೆಯಲ್ಲಿ ಎರಡೂ ಹೆಸರು ಬಂದವು.

ನಕಲು ಮಾಡುವ ಮುಂಚೆ ನೋಡಿದೆವು. ಮದುಮಗಳು, ಕೊಡ, ಅರಿಶಿನ. ಒಮ್ಮೆಲೇ ಕೂಗಾಟ, ಕ್ಯಾಮೆರಾ ತಿರುಗಿತು. ಯಂಕಣ್ಣನ ಹಣೆಯಿಂದ ಆಗಲೇ ರಕ್ತ ಸುರಿಯುತ್ತಿತ್ತು. ವಹಾಬ ಅವನನ್ನು ಸೊಂಟಕ್ಕೆ ತಬ್ಬಿ ಹಿಂದಕ್ಕೆ ಎಳೆಯುತ್ತಿದ್ದ. ಹಿಂದಿನಿಂದ ಯಂಕಣ್ಣನ ತಲೆಯ ಮೇಲೆ ಸಲಿಕೆ ಬಿತ್ತು, ಒಮ್ಮೆ ಅಲ್ಲ, ಮೂರು ಸಲ. ಸಲಿಕೆ ಎತ್ತಿದವನ ಮುಖ ನಮ್ಮಣ್ಣನದು.

ಖಾಸಿಂಬೀ ಅಳಲಿಲ್ಲ. "ನನ್ನ ಮಗ ಬಿಡಸಾಕ ಹೋಗ್ಯಾನ" ಎಂದಳು, ಅಷ್ಟೇ.

"ಬಂದ್ ಮಾಡಲೇ ಅದನ್ನ!"

ಅಣ್ಣ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಬಡಿಗೆ. ನಾನು ಅಡ್ಡ ಬಂದೆ. ಮೊದಲ ಏಟಿಗೆ ಎಡಗೈ ಲಟಕ್ಕೆಂದಿತು. ಎರಡನೆಯದು ಕಿವಿಯ ಮೇಲೆ ಬಿತ್ತು. ಕೆಳಗೆ ಬಿದ್ದ ನನ್ನ ಪಕ್ಕೆಗೆ ಒದ್ದ. "ಒಂದ ಹೊಟ್ಟ್ಯಾಗ ಹುಟ್ಟಿ ನನಗ ಕುಣಿಕಿ ಹಾಕ್ತೀಯೇನಲೇ ಮಗನ?" ಕಾಲು ಹಿಡಿದ ಖಾಸಿಂಬೀಯನ್ನು ಜಾಡಿಸಿ ಗೋಡೆಗೆ ಒಗೆದ. ಆಮೇಲೆ ಬಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಪರದೆಗೆ ಇಳಿಸಿದ. ಗಾಜು ಬಾಂಬಿನಂತೆ ಸಿಡಿಯಿತು, ಅಂಗಡಿಯ ಫ್ಯೂಸೂ ಹೋಯಿತು. ಚೂರನ್ನೂ ಬಿಡದೆ ಜಜ್ಜಿದ.

"ಈಗ ತೋರಸು, ನೋಡೂನು!" ಎಂದವನೇ ಬಡಿಗೆ ಬಿಸಾಕಿ ಹೋದ.

ನೋವಿನಲ್ಲೂ ನನಗೆ ನಗು ಬಂತು. ಪಟ್ಟಿಯನ್ನು ಕಲಿಸಿದ್ದೆ, ಚಿತ್ರ ಎಲ್ಲಿರುತ್ತದೆ ಎಂಬುದನ್ನು ಕಲಿಸಿರಲಿಲ್ಲ. ಕನ್ನಡಿ ಒಡೆದರೆ ಮುಖವೇ ಹೋಯಿತೆಂದು ತಿಳಿದಿದ್ದ. ಸಿ.ಡಿ. ಮೇಜಿನ ಕೆಳಗಿನ ಡಬ್ಬಿಯಲ್ಲಿ ಸುರಕ್ಷಿತವಾಗಿತ್ತು.

"ಪಿನ್ನು ಅದ ಏನ್ ಖಾಲಾ?"

ಅವಳ ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಸೆರಗಿನ ಪಿನ್ನು ಬಿಚ್ಚಿ ನೆಟ್ಟಗೆ ಮಾಡಿದಳು. ಕರೆಂಟು ಇಲ್ಲದಿದ್ದರೂ ಡ್ರೈವು ತೆರೆಯಲು ಮುಂದುಗಡೆ ಸಣ್ಣ ತೂತು ಇರುತ್ತದೆ. ಎಲ್ಲಿ ಚುಚ್ಚಬೇಕೆಂದು ತೋರಿಸಿದೆ, ಅವಳೇ ಚುಚ್ಚಿದಳು. ತಟ್ಟೆ ಬೆರಳಷ್ಟು ಹೊರಗೆ ಬಂತು. ಸಿ.ಡಿ.ಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ನಿಮ್ಮಣ್ಣನ ಹೆಸರು ನೀ ಹೇಳಬ್ಯಾಡ ಬೇಟಾ" ಎಂದಳು. "ಇದಾ ಹೇಳ್ತದ."

"ಪಟ್ಟಿ ಕಿತ್ತವ ಯಾರು ಅಂತ ಅದರಾಗ ಇಲ್ಲ ಖಾಲಾ. ಅದನ್ನ ನಾನಾ ಹೇಳಬೇಕು."

ಮುರಿದ ಕೈಯನ್ನು ಟವೆಲಿನಲ್ಲಿ ಕಟ್ಟಿಕೊಂಡು ಅವಳ ಜೊತೆ ಆಟೋ ಹತ್ತಿದೆ. ಮೊದಲು ವಕೀಲರ ಮನೆ, ಆಮೇಲೆ ಠಾಣೆ. ಅಲ್ಲಿ ಹೇಳಬೇಕಾದದ್ದೆಲ್ಲ ನನಗೆ ಗೊತ್ತಿತ್ತು. ಸಂಜೆ ಮನೆಗೆ ಹೋಗಿ ಅವ್ವನಿಗೆ ಏನು ಹೇಳಬೇಕೆಂಬುದು ಗೊತ್ತಿರಲಿಲ್ಲ.